ವಯಸ್ಸಾದಂತೆ ಗಡ್ಡದ ಗರಿಷ್ಠ ಉದ್ದ ಬದಲಾಗುತ್ತದೆಯೇ?

ಪ್ರಶ್ನೆ

ನನಗೀಗ 36 ವರ್ಷ. ಇಪ್ಪತ್ತೆರಡರ ವಯಸ್ಸಿನಲ್ಲಿ ಮೊದಲು ಗಡ್ಡ ಬಿಟ್ಟಾಗ ಕೆನ್ನೆಯ ಮೇಲೆ ಅಲ್ಲಲ್ಲಿ ಕುರುಚಲು ಬಂದಿತ್ತು. ಗಲ್ಲದ ಕೆಳಗೆ ನಾಲ್ಕು ಬೆರಳಿನಷ್ಟು ಇಳಿದ ಮೇಲೆ, ಕತ್ತರಿ ತಾಗಿಸದಿದ್ದರೂ ಅದು ಮುಂದಕ್ಕೆ ಬೆಳೆಯಲಿಲ್ಲ. ಈಗ ಅದೇ ಗಡ್ಡ ದಟ್ಟವಾಗಿ ಎದೆಯನ್ನು ಮುಟ್ಟಿದೆ. ಎಪ್ಪತ್ತು ದಾಟಿದ ನಮ್ಮ ತಂದೆಯವರ ಗಡ್ಡ ತೆಳುವಾಗುತ್ತಿದೆ, ಆದರೆ ಹುಬ್ಬಿನ ಮತ್ತು ಕಿವಿಯ ಕೂದಲು ಉದ್ದವಾಗುತ್ತಿದೆ. ವಯಸ್ಸಿನೊಂದಿಗೆ ಬದಲಾಗುವುದು ಬೆಳೆಯುವ ವೇಗವೋ, ಗರಿಷ್ಠ ಉದ್ದವೋ? ನಡುವಿನ ವರ್ಷಗಳಲ್ಲಿ ದಿನವೂ ಬೋಳಿಸಿದ್ದರಿಂದಲೇ ಗಡ್ಡ ದಟ್ಟವಾಯಿತು ಎಂದು ಸ್ನೇಹಿತರು ಹೇಳುವುದು ನಿಜವೇ?

ಉತ್ತರ

ಉದ್ದವನ್ನು ಮುಖ್ಯವಾಗಿ ನಿರ್ಧರಿಸುವುದು ವೇಗವಲ್ಲ, ಪ್ರತಿಯೊಂದು ಕೂದಲು ಉದುರುವ ಮೊದಲು ಎಷ್ಟು ಕಾಲ ಬೆಳೆಯುತ್ತದೆ ಎಂಬುದು. ಗಡ್ಡದ ಕೂದಲು ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಕೆಲವು ಕಾಲ ಬೆಳೆದ ಮೇಲೆ ಅದರ ಬುಡ ವಿಶ್ರಾಂತಿಗೆ ಹೋಗುತ್ತದೆ, ಹಳೆಯ ಕೂದಲು ಉದುರಿ, ಅದೇ ರೋಮಕೂಪದಿಂದ ಹೊಸದು ಹುಟ್ಟುತ್ತದೆ. ನಿಮ್ಮ ಅಂದಿನ ನಾಲ್ಕು ಬೆರಳಿನ ಉದ್ದವೆಂದರೆ ಸುಮಾರು ಏಳೆಂಟು ತಿಂಗಳ ಬೆಳವಣಿಗೆ. ಆ ವಯಸ್ಸಿನಲ್ಲಿ ನಿಮ್ಮ ಬಹುಪಾಲು ಕೂದಲುಗಳು ಅಷ್ಟರಲ್ಲೇ ತಮ್ಮ ಸರದಿ ಮುಗಿಸುತ್ತಿದ್ದವು ಎಂದು ಅರ್ಥ.

ಈ ಅವಧಿಯನ್ನು ಹಿಗ್ಗಿಸುವುದು ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನು ಮತ್ತು ಅದರಿಂದ ಉಂಟಾಗುವ ಡೈಹೈಡ್ರೋಟೆಸ್ಟೋಸ್ಟೆರಾನ್. ಹಾರ್ಮೋನಿನ ಮಟ್ಟ ಹದಿಹರೆಯದಲ್ಲಿಯೇ ಏರಿದರೂ ಗಲ್ಲದ ರೋಮಕೂಪಗಳು ಅದಕ್ಕೆ ಪೂರ್ತಿ ಒಗ್ಗಿಕೊಳ್ಳಲು ವರ್ಷಗಟ್ಟಲೆ ಬೇಕು. ಒಂದೊಂದಾಗಿ ನವಿರು ಕೂದಲು ಬಿರುಸಾದ ಕಪ್ಪು ಕೂದಲಾಗಿ ಮಾರ್ಪಡುತ್ತದೆ. ಹ್ಯಾಮಿಲ್ಟನ್ ಎಂಬ ವಿಜ್ಞಾನಿ 1958ರಲ್ಲಿ ಪ್ರಕಟಿಸಿದ ಅಧ್ಯಯನವೂ, ನಂತರದ ಸಂಶೋಧನೆಗಳೂ ಹೇಳುವಂತೆ ಗಡ್ಡದ ಬೆಳವಣಿಗೆ ಮೂವತ್ತೈದರ ಆಸುಪಾಸಿನವರೆಗೆ ಏರುತ್ತಲೇ ಇರುತ್ತದೆ. ಆದ್ದರಿಂದ ಇಪ್ಪತ್ತರ ಗಡ್ಡವನ್ನು ಕಂಡು, ತಮಗೆ ಇಷ್ಟೇ ಎಂದು ನಿರಾಶರಾಗುವ ಯುವಕರಿಗೆ ದಯವಿಟ್ಟು ಈ ಮಾತು ತಿಳಿಸಿ.

ಮತ್ತೊಂದು ಉತ್ತರ

ಬೋಳಿಸುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಮೆರಿಕದ ಅಂಗರಚನಾ ವಿಜ್ಞಾನಿ ಮಿಲ್ಡ್ರೆಡ್ ಟ್ರಾಟರ್ 1928ರಲ್ಲಿಯೇ ಅಳತೆ ಮಾಡಿ ಇದನ್ನು ತೋರಿಸಿದ್ದಾರೆ. ಬ್ಲೇಡು ಚರ್ಮದ ಮೇಲಿರುವ, ಜೀವವಿಲ್ಲದ ಭಾಗವನ್ನಷ್ಟೇ ಕತ್ತರಿಸುತ್ತದೆ. ಮೊಂಡಾದ ತುದಿ ಕೈಗೆ ಒರಟಾಗಿ ತಾಗುವುದರಿಂದ ದಪ್ಪವಾದಂತೆ ಅನಿಸುತ್ತದೆ.

ಗರಿಷ್ಠ ಉದ್ದದ ವಿಷಯದಲ್ಲಿ ಉದ್ದ ಗಡ್ಡಕ್ಕಾಗಿ ಗಿನ್ನೆಸ್ ದಾಖಲೆ ಪಡೆದ ಕೆನಡಾದ ಸರ್ವಣ್ ಸಿಂಗ್ ಅವರ ಅಳತೆಗಳು ನೋಡುವಂಥವು. 2008ರಲ್ಲಿ ಅವರ ಗಡ್ಡ 2.33 ಮೀಟರ್ ಇತ್ತು, 2022ರಲ್ಲಿ 2.54 ಮೀಟರ್. ತಿಂಗಳಿಗೆ ಒಂದು ಸೆಂಟಿಮೀಟರಿನ ಲೆಕ್ಕದಲ್ಲಿ ಹದಿನಾಲ್ಕು ವರ್ಷಗಳಿಗೆ ಒಂದೂವರೆ ಮೀಟರಿಗೂ ಹೆಚ್ಚು ಸೇರಬೇಕಿತ್ತು, ಸೇರಿದ್ದು 21 ಸೆಂಟಿಮೀಟರ್. ಕೂದಲಿಗೆ ಎಂದೂ ಕತ್ತರಿ ಹಾಕದ ಸಿಖ್ಖರಲ್ಲಿಯೂ, ಅಷ್ಟು ಅಪರೂಪದ ಗಡ್ಡಕ್ಕೂ ಒಂದು ಎಲ್ಲೆಯಿದೆ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ನನ್ನ ಗಡ್ಡ ತನ್ನ ಎಲ್ಲೆಯನ್ನು ಮುಟ್ಟಿದೆಯೇ ಎಂದು ತಿಳಿಯುವುದು ಹೇಗೆ? ತಂದೆಯವರ ವಿಷಯವನ್ನೂ ದಯವಿಟ್ಟು ವಿವರಿಸಿ.

ಮೊದಲು ಉತ್ತರಿಸಿದವರು

ಬಾಚಣಿಗೆಗೆ ಬಂದ ಕೂದಲನ್ನು ಬಿಳಿ ಕಾಗದದ ಮೇಲಿಟ್ಟು ಬೆಳಕಿನಲ್ಲಿ ನೋಡಿ. ಒಂದು ತುದಿಯಲ್ಲಿ ಸಾಸಿವೆಗಿಂತ ಬಹಳ ಚಿಕ್ಕದಾದ ಬಿಳಿ ಗಂಟಿದ್ದರೆ ಅದು ಸರದಿ ಮುಗಿಸಿ ತಾನಾಗಿ ಉದುರಿದ ಕೂದಲು. ಅದರ ಇನ್ನೊಂದು ತುದಿ ಸಹಜವಾಗಿ ಸಣಕಲಾಗಿದ್ದರೆ ಅದರ ಉದ್ದವೇ ಆ ರೋಮಕೂಪದ ಸದ್ಯದ ಗರಿಷ್ಠ ಉದ್ದ. ಗಂಟಿಲ್ಲದಿದ್ದರೆ ಅದು ನಡುವೆ ತುಂಡಾದದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಂಟಿರುವ ಕೂದಲುಗಳೆಲ್ಲ ಗಡ್ಡದಷ್ಟೇ ಉದ್ದವಿದ್ದರೆ ನೀವು ಎಲ್ಲೆಯ ಹತ್ತಿರವಿದ್ದೀರಿ.

ತಂದೆಯವರ ವಯಸ್ಸಿನಲ್ಲಿ ಹಾರ್ಮೋನಿನ ಮಟ್ಟ ತಗ್ಗುವುದರಿಂದ ಗಡ್ಡ ನಿಧಾನವಾಗಿ ತೆಳುವಾಗುವುದು ಸಹಜ. ಕಿವಿ ಮತ್ತು ಹುಬ್ಬಿನ ರೋಮಕೂಪಗಳು ಅದೇ ಹಾರ್ಮೋನಿಗೆ ಬಹಳ ತಡವಾಗಿ ಸ್ಪಂದಿಸುವುದರಿಂದ, ಗಡ್ಡ ಇಳಿಮುಖವಾದ ಕಾಲದಲ್ಲಿಯೂ ಅಲ್ಲಿ ಕೂದಲು ಉದ್ದವಾಗುತ್ತದೆ. ಆದರೆ ಗಡ್ಡದ ಕೂದಲು ಒಂದೆರಡು ವಾರಗಳಲ್ಲಿಯೇ ದುಂಡನೆಯ ಮಚ್ಚೆಯಂತೆ ಉದುರಿ ಚರ್ಮ ನುಣ್ಣಗೆ ಕಂಡರೆ ಅದು ವಯಸ್ಸಿನ ಬದಲಾವಣೆಯಲ್ಲ. ಹಾಗಿದ್ದರೆ ಅವರನ್ನು ಚರ್ಮವೈದ್ಯರ ಬಳಿ ಕರೆದುಕೊಂಡು ಹೋಗಿ.