ಅಪ್‌ಡೇಟ್: ಸದ್ಯಕ್ಕೆ ಮನೆ ಉಳಿಯಿತು

ಇಂಗ್ಲೆಂಡಿನಲ್ಲಿ ಮನೆ ಸಾಲದ ಕಂತು ಬಾಕಿಯಾಗಿ, ಬೇಲಿಫ್‌ಗಳು (ಮನೆ ತೆರವು ಮಾಡಿಸುವ ಕೋರ್ಟ್ ಸಿಬ್ಬಂದಿ) ಬರುವ ನೋಟಿಸ್ ಬಂದಿದೆ, ಏನು ಮಾಡಲಿ ಅಂತ ಕೇಳಿದ್ದೆ. ನೀವು ಹೇಳಿದಂತೆ ಮರುದಿನವೇ ತೆರವಿನ ವಾರಂಟ್ ತಡೆಯಲು ಕೌಂಟಿ ಕೋರ್ಟಿಗೆ ಎನ್244 ಅನ್ನೋ ಫಾರಂನಲ್ಲಿ ಅರ್ಜಿ ಕೊಟ್ಟೆ. ಸಂಬಳದ ಚೀಟಿ, ತಿಂಗಳ ಖರ್ಚಿನ ಲೆಕ್ಕವನ್ನೂ ಜೊತೆಗಿಟ್ಟೆ.

ವಿಚಾರಣೆ ಬೇಗ ಮುಗಿಯಿತು. ಜಡ್ಜ್ ಮುಖ್ಯವಾಗಿ ಕೇಳಿದ್ದು ಒಂದೇ: ಮಾಮೂಲಿ ಕಂತಿನ ಜೊತೆಗೆ ಬಾಕಿಗೆ ತಿಂಗಳಿಗೆ ಎಷ್ಟು ಕಟ್ಟುತ್ತೀರಿ? ಲೆಕ್ಕ ಕೈಯಲ್ಲೇ ಇತ್ತು, ಹೇಳಿದೆ. ನ್ಯಾಯಯುತ ಅವಧಿಯಲ್ಲಿ ಬಾಕಿ ತೀರುವಂತಿದ್ದರೆ ಕೋರ್ಟ್ ತೆರವನ್ನು ತಡೆಯಬಹುದು, 1970ರ ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್ ಕಾಯ್ದೆಯ 36ನೇ ಸೆಕ್ಷನ್‌ನಲ್ಲಿ ಅದಿದೆ. ತಡೆದರು! ಹೊರಗೆ ಬಂದು ಅತ್ತುಬಿಟ್ಟೆ.

ಒಂದು ಮಾತು: ಸುಮ್ನೆ ಅರ್ಜಿ ಹಾಕಿದರೆ ಬೇಲಿಫ್‌ಗಳು ನಿಲ್ಲಲ್ಲ, ಆದೇಶವೇ ಬೇಕು. ಕಂತು ತಪ್ಪಿದರೆ ಸಾಲ ಕೊಟ್ಟವರು ಮತ್ತೆ ತೆರವಿಗೆ ಮುಂದಾಗಬಹುದು. ಮೊದಲ ಕಂತು ನಿನ್ನೆ ಕಟ್ಟಿದೆ.