ಎಳ್ಳೆಣ್ಣೆ ಕೋಳಿ ಕಹಿಯಾಗೋದು ಯಾಕೆ?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾವಿರೋದು ತೈವಾನಿನ ಶಿನ್‌ಚುನಲ್ಲಿ. ನವೆಂಬರ್ 7-8ರ ಹೊತ್ತಿಗೆ ಬರೋ 'ಲೀದುಂಗ್' ದಿನದಿಂದ ಇವರ ಪಂಚಾಂಗದಲ್ಲಿ ಚಳಿಗಾಲ ಶುರು. ಅವತ್ತು ಪಕ್ಕದ ಮನೆ ಅಜ್ಜಿ ಒಂದು ಪಾತ್ರೆ 'ಮಾ-ಯೋ-ಜೀ' ಕೊಟ್ಟರು. ಕರಿ ಎಳ್ಳೆಣ್ಣೆ, ಶುಂಠಿ, ಅಕ್ಕಿ ಮದ್ಯ ಹಾಕಿದ ಕೋಳಿ ಸಾರು. ಕುಡಿದರೆ ಕಿವಿಯ ತನಕ ಬೆಚ್ಚಗಾಯ್ತು. ನಾನು ಮಾಡಿದರೆ ಮಾತ್ರ ಕಹಿ! ನನ್ನ ಹೆಂಡತಿಗೆ ಹೆರಿಗೆಯಾಗಿ ಎಂಟು ದಿನ. ಬಾಣಂತಿಗೂ ಇದನ್ನೇ ಕೊಡು ಅಂತಾರೆ ಅಜ್ಜಿ. ಕೊಡಬಹುದಾ?

ಉತ್ತರ: ತಾಯಿ ಮಗು ಇಬ್ಬರೂ ಚೆನ್ನಾಗಿರಲಿ. ತೈಪೆಯ ಹೋಟೆಲ್ ಅಡುಗೆಮನೆಯಲ್ಲಿ ನಾನು ಮೊದಲು ಬೈಸಿಕೊಂಡಿದ್ದೇ ಈ ಕಹಿಗೆ. ಎಣ್ಣೆ ಹೊಗೆಯಾಡುವಷ್ಟು ಕಾಯಿಸಿದ್ದೀರಿ. ಹುರಿದ ಎಳ್ಳಿನಿಂದ ತೆಗೆದ ಎಣ್ಣೆ ಅದು, ಬೇಗ ಸೀಯುತ್ತೆ. ಬಲಿತ ಶುಂಠಿಯನ್ನ ಸಿಪ್ಪೆ ಸಮೇತ ತೆಳ್ಳಗೆ ಹೆಚ್ಚಿ, ತಣ್ಣಗಿರೋ ಎಣ್ಣೆಗೇ ಹಾಕಿ, ಸಣ್ಣ ಉರಿಯಲ್ಲಿ ಇಡಿ. ಬಿಲ್ಲೆಗಳ ಅಂಚು ಒಣಗಿ ಒಳಕ್ಕೆ ಮುದುಡಿಕೊಳ್ಳೋವರೆಗೆ ಕಾಯಿರಿ. ಹತ್ತು ನಿಮಿಷ ಹಿಡಿದರೂ ಅವಸರ ಬೇಡ. ಆಮೇಲೆ ಮೂಳೆ ಸಮೇತ ಕೋಳಿ ಹಾಕಿ ಬಾಡಿಸಿ, ಮದ್ಯ ಸುರಿದು ಅರ್ಧ ಗಂಟೆ ಬೇಯಿಸಿ. ಉಪ್ಪು ಹಾಕೋ ರೂಢಿ ಇಲ್ಲ.

ನಮ್ಮಲ್ಲಿ ಬಾಣಂತಿಗೆ ಹೇಗೆ ಪಥ್ಯ ಇದೆಯೋ, ಅಲ್ಲೂ ಹೆರಿಗೆಯ ನಂತರದ ತಿಂಗಳಿಗೆ ಇದೇ ಮುಖ್ಯ ಊಟ. ಅಜ್ಜಿ ಪ್ರೀತಿಯಿಂದಲೇ ಹೇಳಿದ್ದಾರೆ. ಆದರೆ ಅಲ್ಲಿನ ಕೆಂಪು ಲೇಬಲ್ಲಿನ ಅಕ್ಕಿ ಮದ್ಯದಲ್ಲಿ ಶೇ. 19.5ರಷ್ಟು ಆಲ್ಕೋಹಾಲ್ ಇರುತ್ತೆ. ಅರ್ಧ ಗಂಟೆ ಕುದಿಸಿದರೂ ಮೂರರಲ್ಲಿ ಒಂದು ಪಾಲಿನಷ್ಟು ಉಳಿಯಬಹುದು, ಎದೆಹಾಲಿಗೂ ಇಳಿಯುತ್ತೆ. ಹಾಲುಣಿಸೋ ತಾಯಿಗೆ ಮದ್ಯದ ಬದಲು ನೀರು ಹಾಕಿ ಮಾಡಿ. ಶುಂಠಿ, ಎಣ್ಣೆಯ ಘಮ ಹಾಗೇ ಇರುತ್ತೆ. ಅದನ್ನೂ ಹೆರಿಗೆ ಮಾಡಿಸಿದ ಡಾಕ್ಟರನ್ನ ಕೇಳಿಯೇ ಕೊಡಿ.

ಇನ್ನೊಬ್ಬರು: ಮೇಡಂ, ಗಿಡಮೂಲಿಕೆ ಹಾಕೋ ಕೋಳಿ ಸಾರು ಯಾವುದು? ನಮ್ಮ ಅಪ್ಪನಿಗೆ ಮಾಡಿಕೊಡೋಣ ಅಂತಿದ್ದೆ.

ಉತ್ತರ: ಅದು 'ಶಾವ್-ಜ್ಯೂ-ಜೀ'. ಮದ್ಯ ಇನ್ನೂ ಜಾಸ್ತಿ. ಜೊತೆಗೆ ದಾಂಗ್‌ಗುಯಿ, ಚುವಾನ್‌ಶಿಯೋಂಗ್ ಅನ್ನೋ ಬೇರುಗಳು, ಗೋಜಿ ಹಣ್ಣು. ಮೂಲಿಕೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಯೇ ಕೊಡ್ತಾರೆ. ಅಪ್ಪ ರಕ್ತ ತೆಳುವಾಗಿಸೋ ವಾರ್ಫರಿನ್ ಮಾತ್ರೆ ತಗೊಳ್ತಿದ್ದರೆ ದಾಂಗ್‌ಗುಯಿ ಬೇಡವೇ ಬೇಡ, ರಕ್ತಸ್ರಾವದ ಅಪಾಯ ಇದೆ. ಉಂಡ ಮೇಲೆ ಸ್ಕೂಟರ್ ಮುಟ್ಟಬೇಡಿ; ತೈವಾನಲ್ಲಿ ಗಾಡಿ ಓಡಿಸೋರ ಉಸಿರಿನಲ್ಲಿ ಆಲ್ಕೋಹಾಲ್ ಮಿತಿ ಲೀಟರಿಗೆ 0.15 ಮಿಲಿಗ್ರಾಂ ಮಾತ್ರ. ಗೋಜಿಯನ್ನ ಕೊನೇ ಹತ್ತು ನಿಮಿಷದಲ್ಲಿ ಹಾಕಿ, ಜಾಸ್ತಿ ಬೆಂದರೆ ಸಾರು ಹುಳಿಯಾಗುತ್ತೆ.