ಪರೀಕ್ಷಾ ಕೊಳವೆಬಾವಿ: ನಾಲೆಗೆ ನೀರು ಬಿಟ್ಟರೆ ಆಳದ ಸೆಲೆಯೂ ಏರುವುದೇಕೆ?

ನಾಲೆಬಯಲು (ಮದ್ದೂರು): ಅಂತರ್ಜಲದ ಅಧ್ಯಯನಕ್ಕೆಂದು ಗದ್ದೆಯ ಪಕ್ಕ ಆರೂವರೆ ಇಂಚಿನ ಕೊಳವೆಬಾವಿ ಕೊರೆಸಿದ್ದೇವೆ. ಆಳ 600 ಅಡಿ, ಕೇಸಿಂಗ್ (ಮೇಲಿನ ಸಡಿಲ ಮಣ್ಣು ಕುಸಿಯದಂತೆ ಇಳಿಸುವ ಕೊಳವೆ) 60 ಅಡಿ. ನೀರು ಸಿಕ್ಕಿದ್ದು 85 ಮತ್ತು 410 ಅಡಿಯಲ್ಲಿ. ನಮಗೆ ಬೇಕಿರುವುದು ಕೆಳಗಿನ ಸೆಲೆಯ ಮಟ್ಟ. ಆದರೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ನೀರು ಬಿಟ್ಟ ಮೂರನೆಯ ದಿನವೇ ಪಕ್ಕದ ತೆರೆದ ಬಾವಿಯ ಜೊತೆ ಇದರ ನೀರೂ ಏರಿ ನೆಲದಿಂದ 52 ಅಡಿ ಆಳದಲ್ಲಿ ನಿಂತಿತು. ಅಳತೆಯೇ ತಪ್ಪೇನೋ ಎಂದು, ನೀರು ಮುಟ್ಟಿದರೆ ಸದ್ದು ಮಾಡುವ ಟೇಪಿನ ಬ್ಯಾಟರಿಯನ್ನೂ ಬದಲಿಸಿ ನೋಡಿದೆ.

ಬೆಣಚುಕಲ್ಲು: ಕೇಸಿಂಗ್ ಬುಡ ಗಟ್ಟಿ ಕಲ್ಲಿನಲ್ಲಿ ಕುಳಿತಿಲ್ಲ, ಹೊರಗಿನಿಂದ ನೀರು ಇಳಿಯುತ್ತಿದೆ. ಪಂಪು ಓಡಿಸಿ ಮಟ್ಟ ಇಳಿಸಿ, ಕನ್ನಡಿಯಲ್ಲಿ ಬಿಸಿಲು ಬಿಟ್ಟು ನೋಡಿ.

ನಾಲೆಬಯಲು: 150 ಅಡಿಗೆ ಇಳಿಸಿ ನೋಡಿದೆವು ಸರ್. ಕೇಸಿಂಗ್ ಬುಡ ಒಣಗಿದೆ. ಅದರಿಂದ ಸ್ವಲ್ಪ ಕೆಳಗೆ, ಒಂದೇ ಮಗ್ಗುಲಲ್ಲಿ ದಾರದಂತೆ ನೀರು ಹೊಳೆಯುತ್ತದೆ. ಪಂಪು ನಿಲ್ಲಿಸಿದರೆ ಅದು ಬೀಳುವ ಸದ್ದೂ ಕೇಳುತ್ತದೆ.

ಹಳೆಯ ರಿಗ್: ಹಾಗಾದರೆ ಕೇಸಿಂಗ್ ಮೇಲೆ ತಪ್ಪು ಹೊರಿಸಬೇಡಿ. ಅದು 85 ಅಡಿಯ ಸೆಲೆ. 60ರಿಂದ ಕೆಳಗೆ ಬಾವಿ ಬರಿಗಲ್ಲು, ಎರಡು ಸೆಲೆಗಳೂ ಅದಕ್ಕೇ ಬಾಯಿ ತೆರೆದಿವೆ. ನಡುವೆ ಇಲ್ಲದ ದಾರಿಯನ್ನು ನೀವೇ ಕೊರೆದು ಕೊಟ್ಟಿದ್ದೀರಿ! ಆ 52 ಅಡಿ ಯಾವ ಸೆಲೆಯದೂ ಅಲ್ಲ, ಎರಡರ ಬೆರಕೆ. ಮೇಲಿನದರ ಒತ್ತಡ ಹೆಚ್ಚಿದ್ದರೆ ಅದರ ನೀರು ಹಗಲೂ ರಾತ್ರಿ ಕೆಳಕ್ಕೆ ಸುರಿಯುತ್ತಿರುತ್ತದೆ. ನೀರಿನ ವಿದ್ಯುದ್ವಾಹಕತೆಯನ್ನು (ಕರಗಿದ ಲವಣ ಎಷ್ಟೆಂದು ತೋರಿಸುತ್ತದೆ) ಆಳ ಆಳಕ್ಕೆ ಅಳೆಯಿರಿ. 85ರಿಂದ 410ರವರೆಗೆ ಒಂದೇ ಆಗಿದ್ದು, ಅದರ ಕೆಳಗೆ ತಟ್ಟನೆ ಬದಲಾದರೆ ನನ್ನ ಮಾತು ನಿಜ.

ಇದಕ್ಕೆ ಪರಿಹಾರವಿದು: 430 ಅಡಿಯ ಕೆಳಗಿನ ಭಾಗಕ್ಕೆ ಜಲ್ಲಿ ತುಂಬಿ. 410ರ ಎದುರು ಸೀಳುಗಂಡಿ ಬರುವಂತೆ ಸಣ್ಣ ಪಿವಿಸಿ ಪೈಪು ಇಳಿಸಿ, ಸುತ್ತ ಜಲ್ಲಿ ಹಾಕಿ. ಅದರ ಮೇಲೆ ಬೆಂಟೊನೈಟ್ (ನೀರಿನಲ್ಲಿ ಊದುವ ಜೇಡಿಮಣ್ಣು), ಆಮೇಲೆ 100 ಅಡಿಯವರೆಗೆ ಸಿಮೆಂಟ್ ತಿಳಿ. ಬಾವಿಯ ಬಾಯಿಂದ ಸುರಿಯಬೇಡಿ, ಬೆಂಟೊನೈಟ್ ನಡುದಾರಿಯಲ್ಲೇ ಊದಿ ಕಚ್ಚಿಕೊಳ್ಳುತ್ತದೆ. ಇನ್ನೊಂದು ಪೈಪು ಇಳಿಸಿ ತಳದಿಂದ ಮೇಲಕ್ಕೆ ತುಂಬುತ್ತ ಬನ್ನಿ. ಪೈಪಿನ ಹೊರಗಿನ ಸಂದಿನಲ್ಲಿ ಮೇಲಿನ ಸೆಲೆಯನ್ನೂ ಅಳೆಯಬಹುದು.

ಬೆಣಚುಕಲ್ಲು: ಒಪ್ಪಿದೆ. ನಾನು ಅವಸರಪಟ್ಟೆ.

ನಾಲೆಬಯಲು: ವಾಹಕತೆ ನೀವು ಹೇಳಿದಂತೆಯೇ ಬಂತು. ಸಿಮೆಂಟ್ ಹಾಕಿ ಹತ್ತು ದಿನ ಬಿಟ್ಟು ಅಳೆದೆವು: ಹೊರಗಿನ ಸಂದಿನಲ್ಲಿ 38 ಅಡಿ, ಪೈಪಿನೊಳಗೆ 96. ನಿನ್ನೆ ನಾಲೆಯ ನೀರು ನಿಂತಿದೆ. ಸಂದಿನ ಮಟ್ಟ ಆಗಲೇ ಅರ್ಧ ಅಡಿ ಇಳಿದಿದೆ, ಪೈಪಿನದು ಅಲುಗಿಲ್ಲ.